ತಿಂದದ್ದು ಮೈಗೆ ಹತ್ತುತ್ತಿಲ್ಲವೇ? ಕಿಡ್ನಿ ಕಡೆಗೂ ಒಮ್ಮೆ ಗಮನ ಕೊಡಿ

"ಏನ್ ಹಾಕಿದ್ರೂ ನಮ್ ಹುಡುಗಗ ಮೈಗೆ ಹತ್ತಂಗಿಲ್ಲರೀ..." ಯಾದಗಿರಿ, ಶಹಾಪುರ, ಸುರಪುರದ ಕಡೆ ನಾಲ್ಕು ಜನ ತಾಯಂದಿರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಕೂಡಲೇ ಸಲಹೆಗಳೂ ಶುರು. ಒಬ್ಬರು ಟಾನಿಕ್ ಹೆಸರು ಹೇಳುತ್ತಾರೆ, ಇನ್ನೊಬ್ಬರು ಡಬ್ಬಿ ಪುಡಿ, ಮತ್ತೊಬ್ಬರು ದೃಷ್ಟಿ ತೆಗೀರಿ ಅಂತಾರೆ. ಮಗುವಿನ ಮೂತ್ರ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳುವವರು ಮಾತ್ರ ಕಡಿಮೆ.

ಮಾತು ಸುಮ್ಮನೆ ಬಂದದ್ದೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಯಾದಗಿರಿ ಜಿಲ್ಲೆಯಲ್ಲಿ 5 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದಕ್ಕೆಲ್ಲ ಕಿಡ್ನಿಯೇ ಕಾರಣ ಅಂತ ಗಾಬರಿಯಾಗಬೇಡಿ. ಸಾಲದ ಊಟ, ರಕ್ತಹೀನತೆ, ಜಂತುಹುಳು, ಮೇಲಿಂದ ಮೇಲೆ ಭೇದಿ - ಇವೇ ಹೆಚ್ಚಿನ ಕಾರಣಗಳು. ಆದರೆ ತಿಂದ ಆಹಾರದಲ್ಲಿ ಏನು ಮೈಯಲ್ಲಿ ಉಳಿಯಬೇಕು, ಏನು ಹೊರಗೆ ಹೋಗಬೇಕು ಅಂತ ಲೆಕ್ಕ ಹಾಕುವುದು ಕಿಡ್ನಿ. ಆ ಲೆಕ್ಕ ತಪ್ಪಿದರೆ ನೀವೆಷ್ಟು ತಿನ್ನಿಸಿದರೂ ಪ್ರಯೋಜನ ಇಲ್ಲ.

ಕಿಡ್ನಿ ಕೆಲಸ ಬರೀ ಮೂತ್ರ ಅಲ್ಲ

ದೊಡ್ಡವರ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಬರುವ ಮೂತ್ರ ಒಂದೂವರೆ-ಎರಡು ಲೀಟರ್ ಅಷ್ಟೇ. ಉಳಿದದ್ದು? ನೀರು, ಸಕ್ಕರೆ, ಪ್ರೋಟೀನಿನ ಕಣಗಳು, ರಂಜಕ, ಉಪ್ಪಿನಂಶ ಎಲ್ಲವನ್ನೂ ಅಳೆದು ತೂಗಿ ರಕ್ತಕ್ಕೇ ವಾಪಸ್ ಕಳಿಸುತ್ತವೆ. ಮಕ್ಕಳಲ್ಲೂ ಇದೇ ಕ್ರಮ.

ಇಷ್ಟೇ ಅಲ್ಲ. ಬಿಸಿಲಿನಿಂದ ಸಿಗುವ ವಿಟಮಿನ್ 'ಡಿ' ಮೂಳೆಗೆ ಉಪಯೋಗವಾಗುವ ರೂಪಕ್ಕೆ ಬರುವುದು ಕಿಡ್ನಿಯಲ್ಲೇ. ರಕ್ತ ತಯಾರಿಸು ಅಂತ ಮೂಳೆಮಜ್ಜೆಗೆ ಸಂದೇಶ ಕಳಿಸುವ ಹಾರ್ಮೋನು ಕೂಡ ಮುಖ್ಯವಾಗಿ ಅಲ್ಲಿಂದಲೇ. ಅದಕ್ಕೇ ಕಿಡ್ನಿ ಬಹಳ ದಿನದಿಂದ ಸೊರಗಿದ ಮಗು ಕುಳ್ಳಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಕಾಲು ಸೊಟ್ಟಗಾಗುತ್ತವೆ. ಕ್ಯಾಲ್ಸಿಯಂ, ವಿಟಮಿನ್ 'ಡಿ' ಕೊಟ್ಟರೂ ಸೊಟ್ಟಗಾಲು ಸುಧಾರಿಸದಿದ್ದರೆ ಕಿಡ್ನಿ ಪರೀಕ್ಷೆ ಆಗಲೇಬೇಕು. "ಇನ್ನೊಂದು ಇಂಜೆಕ್ಷನ್ ಹಾಕಿಬಿಡಿ" ಅಂತ ಒತ್ತಾಯ ಮಾಡಬೇಡಿ. ವಿಟಮಿನ್ 'ಡಿ' ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು.

ಬಸಿರಿನಲ್ಲೇ ಬುನಾದಿ

ಕಿಡ್ನಿಯಲ್ಲಿರುವ ಸಣ್ಣ ಜರಡಿಗಳಿಗೆ ನೆಫ್ರಾನ್ ಅಂತ ಹೆಸರು. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ. ಬಸಿರಿನ ಸುಮಾರು 36ನೇ ವಾರದ ಹೊತ್ತಿಗೆ ಇವು ತಯಾರಾಗಿ ಮುಗಿಯುತ್ತವೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಆಮೇಲೆ ಹೊಸದು ಹುಟ್ಟುವುದಿಲ್ಲ. ತಾಯಿಗೆ ಪೌಷ್ಟಿಕ ಊಟ ಸಿಗದೆ ಕೂಸು ಕಡಿಮೆ ತೂಕದ್ದಾದರೆ ನೆಫ್ರಾನುಗಳೂ ಕಡಿಮೆ ಇರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಕಡಿಮೆ ತೂಕದ ಶಿಶುಗಳ ಕಿಡ್ನಿ ಬೆಳವಣಿಗೆಯನ್ನು ಅಧ್ಯಯನ ಮಾಡಿ 2016ರಲ್ಲಿ ವರದಿ ಪ್ರಕಟಿಸಿದ್ದಾರೆ. ಹುಟ್ಟಿದಾಗ ಈ ಮಕ್ಕಳ ಕಿಡ್ನಿ ಗಾತ್ರ ಚಿಕ್ಕದಿತ್ತು.

ಹಾಗಂತ ಎರಡೂವರೆ ಕೆ.ಜಿ.ಗಿಂತ ಕಡಿಮೆ ಹುಟ್ಟಿದ ಮಕ್ಕಳಿಗೆಲ್ಲ ಕಾಯಿಲೆ ಬರುತ್ತದೆ ಅಂತಲ್ಲ. ಇರುವ ಜರಡಿಗಳ ಮೇಲೆ ಭಾರ ಹೆಚ್ಚು ಬೀಳದ ಹಾಗೆ ನೋಡಿಕೊಳ್ಳಬೇಕು ಅಷ್ಟೇ. 3 ವರ್ಷದ ನಂತರ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. ಉಪ್ಪು ತುಂಬಿದ ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ಕೊಡಲೇಬೇಡಿ.

ನೀರಿನ ಪಾಲೆಷ್ಟು?

ನಮ್ಮ ಭಾಗದ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಮೈಸೇರಿದ ಫ್ಲೋರೈಡನ್ನು ಹೊರಹಾಕುವುದು ಕಿಡ್ನಿ. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಹೊರಗೆ ಹೋಗುತ್ತದೆ. ಬೆಳೆಯುವ ಎಳೆಯ ಮೂಳೆಗಳು ಅದನ್ನು ಹೀರಿಕೊಳ್ಳುವುದರಿಂದ ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು ಮೈಯಲ್ಲೇ ಉಳಿಯುತ್ತದೆ. ಕಿಡ್ನಿ ಸೊರಗಿದ್ದರಂತೂ ಇನ್ನೂ ಜಾಸ್ತಿ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಬಹಳ ಜನರಿಗೆ ಗೊತ್ತು. ಅಲ್ಲಿನ ಕೊಳವೆಬಾವಿ ನೀರಿನಲ್ಲಿದ್ದದ್ದು ಆರ್ಸೆನಿಕ್. ಹಿಂದೆ ಚಿನ್ನದ ಗಣಿ ಇದ್ದ ಮಂಗಳೂರು ಸೀಮೆಯ ಬಂಡೆಗಳಲ್ಲಿ ಈ ವಿಷ ಇದೆ. (ಇದು ಕರಾವಳಿಯ ಮಂಗಳೂರಲ್ಲ, ಸುರಪುರದ ಕಡೆಯದು.) 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಂಡಾದಲ್ಲಿ ತಪಾಸಣೆಗೆ ಒಳಗಾದ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್ ಲಕ್ಷಣಗಳು ಕಂಡಿದ್ದವು.

ಗೃಹಿಣಿಯರು ತಿಳಿಯಬೇಕಾದ ವಿಷಯ ಇಲ್ಲೊಂದಿದೆ. ಮೈಸೇರಿದ ಆರ್ಸೆನಿಕ್ ರೂಪ ಬದಲಿಸಿ ಮೂತ್ರದಲ್ಲಿ ಹೊರಹೋಗಬೇಕಾದರೆ ದೇಹಕ್ಕೆ ಫೋಲೇಟ್ ಎಂಬ ವಿಟಮಿನ್ ನೆರವು ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆ ಇದ್ದ ವಯಸ್ಕರಿಗೆ 12 ವಾರ ಫೋಲಿಕ್ ಆಮ್ಲ ಕೊಟ್ಟು ನೋಡಿದರು; ರಕ್ತದ ಆರ್ಸೆನಿಕ್ ಇಳಿಯಿತು ಎಂಬ ವರದಿ 2007ರಲ್ಲಿ ಬಂತು. ಫೋಲೇಟ್ ಎಲ್ಲಿದೆ? ಮೆಂತ್ಯೆ ಪಲ್ಯ, ರಾಜಗಿರಿ, ಹೆಸರುಕಾಳು, ತೊಗರಿಬೇಳೆ, ಶೇಂಗಾದಲ್ಲಿ. ಅದೇ ರೀತಿ ಊಟದಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದು, ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ. ಹಾಗಂತ ಪಲ್ಯ ತಿಂದರೆ ಕೆಟ್ಟ ನೀರು ಕುಡಿಯಬಹುದು ಅಂದುಕೊಳ್ಳಬೇಡಿ. ಮೊದಲು ನೀರು ಬದಲಾಗಬೇಕು, ಊಟ ಅದರ ಬೆನ್ನಿಗಿರಬೇಕು.

ನೀರು ಕಾಯಿಸಿದರೆ ಸಾಕಲ್ಲ ಅಂತೀರಾ? ಸಾಲದು. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್-ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಗಟ್ಟಿಯಾಗುತ್ತವೆ. ಕುಡಿಯಲು, ಅಡಿಗೆಗೆ ಎರಡಕ್ಕೂ ಪರೀಕ್ಷೆಯಾದ ನದಿ ನೀರು ಅಥವಾ ಸರಿಯಾಗಿ ನಿರ್ವಹಣೆ ಮಾಡಿದ ಆರ್‌ಓ ನೀರು ಬಳಸಿ. ಮನೆ ಬೋರ್‌ವೆಲ್ ನೀರನ್ನು ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಚಹಾಪುಡಿಯಲ್ಲೂ ಫ್ಲೋರೈಡ್ ಇರುತ್ತದೆ, ಮಕ್ಕಳಿಗೆ ಚಹಾ ಅಭ್ಯಾಸ ಬೇಡ.

ತಟ್ಟೆಯಲ್ಲಿ ಏನಿರಲಿ?

ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಂದು ಬಟ್ಟಲು ಮೊಸರು - ನಮ್ಮ ಊಟದಲ್ಲಿ ಕೊರತೆ ಏನೂ ಇಲ್ಲ. ರೊಟ್ಟಿ-ಖಾರದಲ್ಲೇ ಹೊಟ್ಟೆ ತುಂಬಿಸಬಾರದು ಅಷ್ಟೇ.

"ಮೊಟ್ಟೆ, ಬೇಳೆ ಜಾಸ್ತಿ ಕೊಟ್ಟರೆ ಕಿಡ್ನಿ ಕೆಡುತ್ತಂತೆ" ಎಂಬ ಭಯ ಕೆಲವರಿಗೆ. ಆರೋಗ್ಯವಂತ ಮಗುವಿಗೆ ದಿನಕ್ಕೊಂದು ಮೊಟ್ಟೆಯಿಂದ ಕಿಡ್ನಿ ಕೆಡುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿ ಮಕ್ಕಳನ್ನು, ಆಗ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿತು. ತೂಕ ಹೆಚ್ಚು ಏರಿದ್ದು ಯಾದಗಿರಿ ಮಕ್ಕಳಲ್ಲಿ, ಅದರಲ್ಲೂ ದೊಡ್ಡ ತರಗತಿಯ ಹುಡುಗಿಯರಲ್ಲಿ.

ಹಾಗಾದರೆ ಕಿಡ್ನಿ ಕಾಯಿಲೆ ಇರುವ ಮಗುವಿಗೆ? ಬಹಳ ಮನೆಗಳಲ್ಲಿ ಹೆಸರು ಕೇಳಿದ ದಿನವೇ ಹಾಲು, ಬೇಳೆ, ಮೊಟ್ಟೆ ಎಲ್ಲ ಬಂದ್. ಇದರಿಂದ ಮಗು ಇನ್ನಷ್ಟು ಸೊರಗುತ್ತದೆ. ಚಿಕ್ಕ ಮಕ್ಕಳಲ್ಲಿ ಕಾಣುವ 'ನೆಫ್ರಾಟಿಕ್ ಸಿಂಡ್ರೋಮ್'ನಲ್ಲಿ ಪ್ರೋಟೀನ್ ಮೂತ್ರದಲ್ಲಿ ಸೋರಿ ಮುಖ, ಕಾಲು ಬಾಯುತ್ತವೆ. ಬಾವು ಇರುವಾಗ ಉಪ್ಪು ಕಡಿಮೆ ಮಾಡಬೇಕು, ವಯಸ್ಸಿಗೆ ತಕ್ಕ ಪ್ರೋಟೀನ್ ಮುಂದುವರಿಸಬೇಕು. ಹೆಚ್ಚಿನ ಮಕ್ಕಳಲ್ಲಿ ಸ್ಟಿರಾಯ್ಡ್ ಔಷಧಿಗೆ ಬಾವು ಇಳಿಯುತ್ತದೆ. ಮುಖ ಇಳೀತು ಅಂತ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೇರೆ ಕಿಡ್ನಿ ಕಾಯಿಲೆಗಳಲ್ಲಿ ಪಥ್ಯ ಬೇರೆ ಬೇರೆ. ಅದನ್ನು ವೈದ್ಯರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ವರದಿ 'ನಾರ್ಮಲ್' ಇದ್ದರೂ ಎತ್ತರ ಕೇಳಿ

ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಿಂದ ಕಿಡ್ನಿ ಹೇಗಿದೆ ಅಂತ ತಿಳಿಯುತ್ತದೆ. ಆದರೆ ಎಷ್ಟೋ ಲ್ಯಾಬ್ ವರದಿಗಳಲ್ಲಿ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ದೊಡ್ಡವರದ್ದು, ಹೆಚ್ಚುಕಮ್ಮಿ 1.2ರವರೆಗೆ. ಮಕ್ಕಳಿಗೆ 2009ರಿಂದ ವೈದ್ಯರು ಬಳಸುತ್ತಿರುವ ಸರಳ ಲೆಕ್ಕ ಹೀಗಿದೆ: ಎತ್ತರವನ್ನು (ಸೆಂ.ಮೀ.) 0.413ರಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. 100 ಸೆಂ.ಮೀ. ಎತ್ತರದ 4 ವರ್ಷದ ಮಗುವಿಗೆ ಕ್ರಿಯಾಟಿನಿನ್ 0.9 ಇದೆ ಅನ್ನಿ. ಕಾಗದದ ಮೇಲೆ ನಾರ್ಮಲ್. ಲೆಕ್ಕ ಹಾಕಿದರೆ ಬರುವುದು ಸುಮಾರು 46. ಇರಬೇಕಾದದ್ದು 90ಕ್ಕಿಂತ ಮೇಲೆ!

ಮಗು ತೀರಾ ಬಡಕಲಾಗಿದ್ದರೆ ಇನ್ನೂ ಎಚ್ಚರ ಬೇಕು. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವುದು. ಖಂಡವೇ ಇಲ್ಲದಿದ್ದರೆ ಅದು ಕಡಿಮೆಯೇ ತೋರಿಸುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮಗುವಿನ ಎತ್ತರ, ತೂಕ, ಹುಟ್ಟಿದಾಗಿನ ತೂಕ ಬರೆದುಕೊಂಡು ಹೋಗಿ. "ಎತ್ತರ ಹಿಡಿದು ಲೆಕ್ಕ ಹಾಕಿದರೆ ಹೇಗಿದೆ ಡಾಕ್ಟ್ರೇ?" ಅಂತ ಸಂಕೋಚ ಇಲ್ಲದೆ ಕೇಳಿ.

ಈ ಲಕ್ಷಣ ಕಂಡರೆ ತಡ ಬೇಡ

* ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು. "ಕೆನ್ನೆ ತುಂಬಿಕೊಂಡಿದೆ" ಅಂತ ಖುಷಿಪಡಬೇಡಿ.

* ಗಂಟಲು ನೋವಾಗಿ ಒಂದೆರಡು ವಾರಕ್ಕೆ, ಅಥವಾ ಮೈಮೇಲೆ ಕುರು ಆಗಿ ಮೂರರಿಂದ ಆರು ವಾರಕ್ಕೆ ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು.

* ನೆಗಡಿ-ಕೆಮ್ಮು ಏನೂ ಇಲ್ಲದೆ ಮತ್ತೆ ಮತ್ತೆ ಜ್ವರ, ಮೂತ್ರ ಮಾಡುವಾಗ ಅಳು.

* ಗಂಡುಮಗುವಿನ ಮೂತ್ರ ಧಾರೆಯಾಗಿ ಬರದೆ ಹನಿ ಹನಿಯಾಗಿ ಬೀಳುವುದು.

* ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುವುದು, ಅತಿ ಬಾಯಾರಿಕೆ.

* ವರ್ಷವಾದರೂ ಎತ್ತರ ಏರದಿರುವುದು, ಬಿಳಿಚಿಕೊಳ್ಳುವುದು, ಕಾಲು ಸೊಟ್ಟಗಾಗುವುದು.

ಇವುಗಳಲ್ಲಿ ಒಂದಿದ್ದರೂ ಮೂತ್ರ ಪರೀಕ್ಷೆ ಮತ್ತು ಬಿ.ಪಿ. ಮೊದಲು ಆಗಲಿ. ಎರಡಕ್ಕೂ ದೊಡ್ಡ ಖರ್ಚಿಲ್ಲ, ದೊಡ್ಡ ಊರಿಗೆ ಹೋಗಬೇಕಾಗಿಯೂ ಇಲ್ಲ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೂ ಹೇಳಬಹುದು. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಮಗುವಿನ ಎತ್ತರಕ್ಕೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗೆರೆ ಮೇಲೇರದೆ ನಿಂತಿದೆ ಅನ್ನಿಸಿದರೆ ಹೊಸ ಟಾನಿಕ್ ತರುವ ಮೊದಲು ವೈದ್ಯರಿಗೆ ತೋರಿಸಿ.