ರಾಜರ್ಸ್ ದೊಡ್ಡವರೋ, ಕಾರ್ಟರ್ ಕುಟುಂಬವೋ?

ಪ್ರಶ್ನೆ: ಅಮೆರಿಕದ ಕಂಟ್ರಿ ಸಂಗೀತದ ಮೂಲಪುರುಷ ಜಿಮ್ಮಿ ರಾಜರ್ಸ್ ಎನ್ನುತ್ತಾರೆ. ಕಾರ್ಟರ್ ಕುಟುಂಬದ ಹಾಡುಗಾರಿಕೆ ಅವರದಕ್ಕಿಂತ ಕಡಿಮೆಯೇ?

ಉತ್ತರ: ಖಂಡಿತ ಅಲ್ಲ. 1927ರ ಆಗಸ್ಟ್‌ನಲ್ಲಿ, ಒಂದೇ ವಾರದಲ್ಲಿ, ಬ್ರಿಸ್ಟಲ್ ಎಂಬ ಊರಿನಲ್ಲಿ ರೆಕಾರ್ಡ್ ನಿರ್ಮಾಪಕ ರಾಲ್ಫ್ ಪಿಯರ್ ಇಬ್ಬರನ್ನೂ ಮೊದಲ ಬಾರಿಗೆ ಧ್ವನಿಮುದ್ರಿಸಿಕೊಂಡರು. ರೈಲ್ವೆಯಲ್ಲಿ ದುಡಿದಿದ್ದ ರಾಜರ್ಸ್ ಕರಿಯರ ಬ್ಲೂಸ್‌ಗೆ ಯೋಡ್ಲಿಂಗ್ ಬೆರೆಸಿದರು. ಎದೆಯ ದನಿಯಿಂದ ಥಟ್ಟನೆ ಮೇಲಿನ ಎಳೆ ದನಿಗೆ ಹಾರುವ ವರಸೆ ಅದು. ಕ್ಷಯ ಅವರನ್ನು 35ನೇ ವಯಸ್ಸಿಗೇ ಕೊಂದಿತು. 1933ರ ಕೊನೆಯ ಧ್ವನಿಮುದ್ರಣದಲ್ಲಿ ಹಾಡಿಗೂ ಹಾಡಿಗೂ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತಿದ್ದರಂತೆ. ಆ ಛಲಕ್ಕೆ ತಲೆಬಾಗಲೇಬೇಕು.

ಕಾರ್ಟರ್ ಕುಟುಂಬದ್ದು ಬೇರೆ ದಾರಿ. ಎ.ಪಿ. ಕಾರ್ಟರ್ ಬೆಟ್ಟದೂರುಗಳನ್ನು ಸುತ್ತಿ ಹಾಡು ಸಂಗ್ರಹಿಸಿದರು. ಜೊತೆಗಿದ್ದ ಕರಿಯ ಗಿಟಾರ್ ವಾದಕ ಲೆಸ್ಲಿ ರಿಡಲ್ ಧಾಟಿಗಳನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಅವರ ಹೆಸರು ಬಹುಕಾಲ ಮರೆಯಾಗಿದ್ದದ್ದು ಅನ್ಯಾಯ. ಎ.ಪಿ. ಅವರ ಹೆಂಡತಿ ಸಾರಾ ಅವರದು ಅಲಂಕಾರವಿಲ್ಲದ ಗಟ್ಟಿ ಕಂಠ. ಇನ್ನು ಎ.ಪಿ. ಅವರ ತಮ್ಮನ ಹೆಂಡತಿ ಮೇಬೆಲ್: ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಿನಿಂದ ಸಣ್ಣ ತಂತಿಗಳ ಮೇಲೆ ಲಯ. ಒಂದೇ ಗಿಟಾರಿನಲ್ಲಿ ಇಬ್ಬರ ಕೆಲಸ! ಮುಂದಿನ ತಲೆಮಾರುಗಳ ಅದೆಷ್ಟೋ ವಾದಕರು ಕಲಿತದ್ದು ಇದನ್ನೇ. ವುಡಿ ಗಥ್ರಿ ತಮ್ಮ ಪ್ರಸಿದ್ಧ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ಗೆ ಧಾಟಿ ಪಡೆದದ್ದೂ ಕಾರ್ಟರ್ ಹಾಡೊಂದರಿಂದ.

ಒಂಟಿ ಗಾಯಕನ ವರ್ಚಸ್ಸಿನಲ್ಲಿ ರಾಜರ್ಸ್ ಮುಂದು. ಪರಂಪರೆಯ ಮಾತು ಬಂದರೆ ನನ್ನ ಮತ ಮೇಬೆಲ್ ಅವರಿಗೇ. 1928ರ ‘ವೈಲ್ಡ್‌ವುಡ್ ಫ್ಲವರ್’ ಕೇಳಿ ನೋಡಿ.