ಉತ್ತರಾರಣ್ಯದಲ್ಲಿ ವಸಂತಾಗಮನ

ವಸಂತವೆಂದೊಡನೆ ನಮ್ಮ ವಾಚಕರ ಕಣ್ಣಮುಂದೆ ಮಾವಿನ ಚಿಗುರೂ, ಕಿವಿಯಲ್ಲಿ ಕೋಗಿಲೆಯ ದನಿಯೂ ಸುಳಿಯುವುದು ಸಹಜ. ಆದರೆ ಉತ್ತರ ಅಮೆರಿಕೆಯ ಸುಪೀರಿಯರ್ ಮಹಾಸರೋವರದ ಸುತ್ತ, ವಿಸ್ಕಾನ್ಸಿನ್ ಮತ್ತು ಮಿನ್ನೆಸೋಟ ಸಂಸ್ಥಾನಗಳಲ್ಲಿ ಹಬ್ಬಿರುವ ಅರಣ್ಯದಲ್ಲಿ, ನಾವು ಬೇವು ಬೆಲ್ಲ ಸವಿಯುವ ಹೊತ್ತಿಗೆ ಸರೋವರಗಳು ಸಾಮಾನ್ಯವಾಗಿ ಇನ್ನೂ ಹೆಪ್ಪುಗಟ್ಟಿಯೇ ಇರುತ್ತವೆ. ಅಲ್ಲಿ ವಸಂತವು ವಾದ್ಯಘೋಷದೊಡನೆ ಬರುವುದಿಲ್ಲ, ಸದ್ದಿಲ್ಲದೆ ಬರುತ್ತದೆ. ಆ ಸುಳಿವನ್ನು ತಲೆತಲಾಂತರದಿಂದ ಬಲ್ಲವರು ಅಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರು.

ಮೊದಲ ಸುಳಿವು ಚಿಕಡೀ ಎಂಬ ಪುಟ್ಟ ಹಕ್ಕಿಯದು. ಹಗಲು ತುಸು ಹಿಗ್ಗಿದೊಡನೆ, ಚಳಿ ಇನ್ನೂ ಕೊರೆಯುತ್ತಿರುವಾಗಲೇ, ಅದು ಎರಡು ಸ್ವರಗಳ ಸಿಳ್ಳನ್ನು ಹಾಕತೊಡಗುತ್ತದೆ. ಮರದ ಕಪ್ಪು ತೊಗಟೆಯು ಬಿಸಿಲನ್ನು ಹೀರಿ, ಬುಡದ ಸುತ್ತಣ ಹಿಮವು ಬಟ್ಟಲಿನಂತೆ ಕರಗುತ್ತದೆ. ಮಸಿಯ ಪುಡಿ ಎರಚಿದಂತೆ ಹಿಮದ ಮೇಲೆ ಸೂಕ್ಷ್ಮಕೀಟಗಳು ಕುಪ್ಪಳಿಸುತ್ತವೆ. ಜೌಗಿನಲ್ಲಿ ಸ್ಕಂಕ್ ಕ್ಯಾಬೇಜ್ ಎಂಬ ದುರ್ಗಂಧದ ಗಿಡವು ತನ್ನೊಡಲಿನ ಶಾಖದಿಂದಲೇ ಮಂಜನ್ನು ಕರಗಿಸಿ ತಲೆಯೆತ್ತುತ್ತದೆ.

ಇವು ಕೇವಲ ಕಣ್ಣಿಗೆ ಹಬ್ಬವಲ್ಲ; ಕೆಲಸಕ್ಕೆ ಕರೆ. ಇರುಳು ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಮೇಪಲ್ ಮರದಲ್ಲಿ ಸಿಹಿರಸವು ಹರಿಯುತ್ತದೆ. ಸುಮಾರು 40 ಸೇರು ರಸವನ್ನು ಕುದಿಸಿದರೆ ಒಂದು ಸೇರು ಪಾಕ ದೊರೆತೀತು. ಹಿಂದಿನವರು ಅದನ್ನು ಇನ್ನೂ ಕಾಯಿಸಿ, ಸಕ್ಕರೆ ಮಾಡಿ, ಭೂರ್ಜದ ತೊಗಟೆಯ ಪೆಟ್ಟಿಗೆಗಳಲ್ಲಿ ವರ್ಷಕ್ಕಾಗಿ ಕೂಡಿಡುತ್ತಿದ್ದರು. ಮೊಗ್ಗು ಬಿರಿಯತೊಡಗಿದರೆ ರಸದ ರುಚಿ ಕೆಡುತ್ತದೆ, ಸುಗ್ಗಿ ಮುಗಿಯಿತು. ಓಜಿಬ್ವೆ ಭಾಷೆಯಲ್ಲಿ ಒಂದು ಮಾಸಕ್ಕೆ ಸಕ್ಕರೆ ಕಾಯಿಸುವ ಮಾಸವೆಂದೇ ಹೆಸರು.

ಬಳಿಕ ಸರೋವರದ ಹಿಮ ಒಡೆಯುತ್ತದೆ. ವಾಲ್‌ಐ ಮೀನುಗಳು ಮೊಟ್ಟೆಯಿಡಲು ದಡದ ಕಲ್ಲುಗಳತ್ತ ಬರುತ್ತವೆ. ರಾತ್ರಿಯ ದೀಪಕ್ಕೆ ಅವುಗಳ ಕಣ್ಣು ಹೊಳೆಯುತ್ತದೆ. ಜನರು ದೋಣಿಯಲ್ಲಿ ನಿಂತು ಈಟಿಯಿಂದ ಅವನ್ನು ಹಿಡಿಯುತ್ತಾರೆ. ಪಂಜಿನ ಈ ಬೇಟೆಯನ್ನು ಕಂಡೇ ಫ್ರೆಂಚರು ಒಂದು ಸರೋವರಕ್ಕೆ ಲಾಕ್ ಡು ಫ್ಲಾಂಬೋ, ಅಂದರೆ ಪಂಜಿನ ಸರೋವರ, ಎಂದು ಹೆಸರಿಟ್ಟರು.

ಈ ಋತುಚರ್ಯೆಯು ಎಷ್ಟು ಕಷ್ಟದಿಂದ ಉಳಿದುಬಂದಿದೆಯೆಂಬುದು ವಿಚಾರಾರ್ಹ. ಪೈನ್ ಮರಕ್ಕಾಗಿ 1837ರಲ್ಲೂ, ತಾಮ್ರಕ್ಕಾಗಿ 1842ರಲ್ಲೂ ಅಮೆರಿಕೆಯ ಸರಕಾರವು ಕರಾರು ಮಾಡಿಕೊಂಡು ಓಜಿಬ್ವೆಗಳ ವಿಶಾಲ ಭೂಮಿಯನ್ನು ಪಡೆಯಿತು. ಭೂಮಿಯನ್ನು ಕೊಟ್ಟವರು ಅದರಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಮಾತ್ರ ಕೊಡಲಿಲ್ಲ. ಆದರೂ ಸಂಸ್ಥಾನಗಳ ಅಧಿಕಾರಿಗಳು ಆ ಹಕ್ಕನ್ನು ಅಪರಾಧವೆಂದೇ ಎಣಿಸಿದರು. 1974ರಲ್ಲಿ ಇಬ್ಬರು ಸೋದರರು ತಮ್ಮ ಮೀಸಲು ಪ್ರದೇಶದ ಗೆರೆಯನ್ನು ದಾಟಿ ಬೇಕೆಂದೇ ಮೀನಿಗೆ ಈಟಿಯೆಸೆದು ದಸ್ತಗಿರಿಯಾದರು. ಆ ಮೊಕದ್ದಮೆಯಿಂದ ಹುಟ್ಟಿದ ವ್ಯಾಜ್ಯದಲ್ಲಿ 1983ರಲ್ಲಿ ಮೇಲ್ಮನವಿ ನ್ಯಾಯಾಲಯವು ಹಕ್ಕು ಜೀವಂತವಾಗಿದೆಯೆಂದು ತೀರ್ಪಿತ್ತಿತು. ಆಮೇಲಿನ ವಸಂತಗಳಲ್ಲಿ ದೋಣಿಗಟ್ಟೆಗಳಲ್ಲಿ ಜನರು ಕಿಕ್ಕಿರಿದು ಮೀನುಗಾರರನ್ನು ಬೈದರು, ಕಲ್ಲೆಸೆದರು. ಮೀನುಗಾರರು ತಮ್ಮ ಕೆಲಸವನ್ನು ಬಿಡಲಿಲ್ಲ. 1991ರಲ್ಲಿ ನ್ಯಾಯಾಲಯವು ಉಪದ್ರವಕ್ಕೆ ತಡೆಯಾಜ್ಞೆಯಿತ್ತಿತು. 1999ರಲ್ಲಿ ಪರಮೋಚ್ಚ ನ್ಯಾಯಾಲಯವು ಮಿನ್ನೆಸೋಟದ ವಿಷಯದಲ್ಲಿಯೂ 1837ರ ಕರಾರನ್ನು ಒಂದೇ ಮತದ ಅಂತರದಿಂದ ಎತ್ತಿಹಿಡಿಯಿತು. ಇಂದು ಪ್ರತಿ ರಾತ್ರಿಯೂ ದಡಕ್ಕೆ ತಂದ ಮೀನನ್ನು ಲೆಕ್ಕವಿಡುತ್ತಾರೆ. ಮೀನು ನಾಶವಾದೀತೆಂಬ ಕೂಗಿಗೆ ಆ ಲೆಕ್ಕವೇ ಉತ್ತರ.

ಈಗ ಬಂದಿರುವ ಆತಂಕ ಬೇರೆ. 2023–24ರ ಚಳಿಗಾಲವು ವಿಸ್ಕಾನ್ಸಿನ್ನಿನ ದಾಖಲೆಗಳಲ್ಲೇ ಅತ್ಯಂತ ಬೆಚ್ಚನೆಯದು. ರಸ ಹರಿಯುವ ಕಾಲವೂ ಹಿಮ ಒಡೆಯುವ ಕಾಲವೂ ಹಿಂದಿನ ಎಣಿಕೆಗೆ ಸಿಕ್ಕದೆ ಮುಂದಕ್ಕೋಡುತ್ತಿವೆ. ಮೀನು ಹಿಡಿಯುವ ಹಕ್ಕನ್ನು ನ್ಯಾಯಾಲಯವು ಕಾಪಾಡೀತು. ಸರೋವರದ ಹಿಮವನ್ನು ಕಾಪಾಡುವ ಶಕ್ತಿ ಅದಕ್ಕಿಲ್ಲ. ಕರಾರಿಗೆ ಸಹಿ ಹಾಕಿದ ಹಿರಿಯರು ಸರಕಾರದ ಮಾತಿಗಿಂತ ಋತುವಿನ ಮಾತನ್ನೇ ಹೆಚ್ಚು ನಂಬಿ ಬಾಳಿದವರು. ಮಾತಿಗೆ ತಪ್ಪಿದ ಸರಕಾರವನ್ನು ಅವರ ಮೊಮ್ಮಕ್ಕಳು ನ್ಯಾಯಸ್ಥಾನಕ್ಕೆ ಎಳೆದರು. ಋತುವೇ ಮಾತಿಗೆ ತಪ್ಪಿದರೆ ಮೊಕದ್ದಮೆ ಯಾರ ಮೇಲೆ? ಆ ಬಿಸಿಯನ್ನು ಹೆಚ್ಚಿಸುವ ಹೊಗೆಯಲ್ಲಿ ಲೋಕದ ಎಲ್ಲ ಪಟ್ಟಣಗಳ ಪಾಲೂ ಇರುವುದರಿಂದ, ಈ ಪ್ರಶ್ನೆಯು ನಮ್ಮ ಬಾಗಿಲನ್ನೂ ತಟ್ಟದೆ ಬಿಡದು.