ಅಜ್ಜನ ಹೆಸರಿನೊಡನೆ ರೋಗವೂ ಬರುವುದೇ?

ನಮ್ಮ ವಾಚನಾಲಯಕ್ಕೆ ಬರುವ ಗೆಳೆಯರೊಬ್ಬರ ಮನೆಯಲ್ಲಿ ಗಂಡುಕೂಸು ಹುಟ್ಟಿತು. ತೀರಿಹೋದ ತಮ್ಮ ಯಜಮಾನರ ಹೆಸರನ್ನೇ ಮೊಮ್ಮಗನಿಗೆ ಇಡಬೇಕೆಂದು ಗೆಳೆಯರ ತಾಯಿಯ ಆಸೆ. ಸೊಸೆ ಮಾತ್ರ, "ಅತ್ತಿ, ಆ ಹೆಸರು ಬ್ಯಾಡ್ರಿ" ಎಂದು ಕಣ್ಣೀರು ತೆಗೆದಳು. ಅಜ್ಜನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವಿತ್ತು. ಇಲ್ಲದ ದನಿ ಕೇಳುತ್ತಿತ್ತು; ಮನೆಯವರ ಮೇಲೆಯೇ ಸಂಶಯ. "ಹೆಸರಿನೊಡನೆ ರೋಗವೂ ಬರುವುದೇನು?" ಎಂದು ಗೆಳೆಯರು ಕೇಳಿದರು. ನಾನು ವೈದ್ಯನಲ್ಲ, ಓದಿ ತಿಳಿದುದನ್ನು ಹೇಳುತ್ತೇನೆ.

ಹೆಸರಿನಿಂದ ರೋಗ ಬಾರದು. ನಮ್ಮ ಕಡೆ ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರಿನವರು ಎಷ್ಟೋ ಮಂದಿ ಸಂಸಾರ ತೂಗಿಸಿಕೊಂಡು ಸುಖವಾಗಿಲ್ಲವೇ? ಆದರೆ ರಕ್ತಸಂಬಂಧದ ಪಾಲು ಉಂಟು. ಸಾಮಾನ್ಯವಾಗಿ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ಈ ರೋಗ, ತಂದೆಗೋ ತಾಯಿಗೋ ಇದ್ದರೆ ನೂರು ಮಕ್ಕಳಲ್ಲಿ ಸುಮಾರು 10 ಮಂದಿಗೆ ಬರಬಹುದು. ಅಜ್ಜನಿಗೆ ಇದ್ದರೆ ಮೊಮ್ಮಕ್ಕಳಿಗೆ ಇನ್ನೂ ಕಡಿಮೆ.

1966ರಲ್ಲಿ ಅಮೆರಿಕದ ಡಾಕ್ಟರ್ ಲಿಯೊನಾರ್ಡ್ ಹೆಸ್ಟನ್ ಅವರು ಒಂದು ಶೋಧನೆ ಪ್ರಕಟಿಸಿದರು. ಈ ರೋಗವಿದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲದಿನಗಳಲ್ಲೇ ಅಗಲಿ ಬೇರೆಯವರ ಕೈಯಲ್ಲಿ ಬೆಳೆದ 47 ಮಂದಿಯನ್ನು ಅವರು ಹುಡುಕಿ ನೋಡಿದ್ದರು. ದೊಡ್ಡವರಾದ ಮೇಲೆ 5 ಮಂದಿಗೆ ರೋಗ ಬಂದಿತ್ತು. ಹೋಲಿಕೆಗೆಂದು ತೆಗೆದುಕೊಂಡ, ರೋಗವಿಲ್ಲದ ತಾಯಂದಿರ 50 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಅಂದಮೇಲೆ ಮನೆ ಬದಲಿಸಿ, ಹೆಸರು ಬದಲಿಸಿ ತಪ್ಪಿಸಿಕೊಳ್ಳುವಂಥದಲ್ಲ ಇದು. ಆದರೆ ಉಳಿದ 42 ಮಂದಿಯನ್ನು ಮರೆಯಬಾರದು. ಅವರಿಗೆ ಈ ರೋಗ ತಟ್ಟಲಿಲ್ಲ.

ನಿಜವಾದ ಕೇಡು ಬೇರೆ ಇದೆ. "ಮನೆತನದ ಹೆಸರು ಕೆಟ್ಟೀತು, ಹೆಣ್ಣು ಕೊಡುವವರು ಹಿಂಜರಿದಾರು" ಎಂದು ರೋಗಿಯನ್ನು ಖೋಲಿಯಲ್ಲಿ ಬಚ್ಚಿಡುತ್ತೇವೆ. ಔಷಧ ತಡವಾದಷ್ಟೂ ಗುಣ ಕಾಣುವುದು ಕಷ್ಟ. ಈ ನಾಚಿಕೆ ನಮ್ಮದೊಂದೇ ಅಲ್ಲ. ಜಪಾನಿನಲ್ಲಿ ರೋಗಿಗಳ ಮನೆಯವರು ಬೇಡಿಕೊಂಡ ಮೇಲೆ, 2002ರಲ್ಲಿ ವೈದ್ಯರ ಸಂಘವು "ಮನಸ್ಸು ಸೀಳಿದ ರೋಗ" ಎಂಬರ್ಥದ ಹಳೆಯ ಹೆಸರನ್ನೇ ತೆಗೆದು ಬೇರೆ ಹೆಸರಿಟ್ಟಿತು. ಬದಲಿಸುವುದಾದರೆ ಕೂಸಿನ ಹೆಸರನ್ನಲ್ಲ, "ಹುಚ್ಚ" ಎಂದು ಕರೆಯುವ ನಮ್ಮ ಚಾಳಿಯನ್ನು.

ನಮ್ಮ ಟಿಟ್ವಾಳಾದಿಂದ ಲೋಕಲ್ ಹಿಡಿದರೆ ಠಾಣೆ. ಅಲ್ಲಿ 1901ರಲ್ಲಿ ಸ್ಥಾಪನೆಯಾದ ಸರಕಾರಿ ಮನೋರೋಗ ಆಸ್ಪತ್ರೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಬಿಟ್ಟಿಯಾಗಿ ಸಲಹೆ ಕೊಡುತ್ತಾರೆ.

ಗೆಳೆಯರು ಕೂಸಿಗೆ ಅಜ್ಜನ ಹೆಸರನ್ನೇ ಇಟ್ಟರು. ಮಗ ದೊಡ್ಡವನಾದ ಮೇಲೆ ಅಜ್ಜನ ರೋಗದ ಸಂಗತಿಯನ್ನೂ ಮುಚ್ಚಿಡದೆ ಹೇಳುವರಂತೆ. ಎರಡೂ ಸರಿಯೇ.